ಕಾಡು ಬಲ್ಲವನೇ ವೀರ: ಕನ್ನಡದ ಎಳೆಯರ ಸಾಹಸ ಸಾಹಿತ್ಯ, ಕೆಲಮಂಗಲದ ಕಡೆಯಿಂದ

ಹನ್ನೆರಡು ದಾಟಿ ಹದಿನೈದು ಮುಟ್ಟದ ಓದುಗರಿಗೆ ಕನ್ನಡ ಏನು ಕೊಟ್ಟಿದೆ ಎಂಬ ಪ್ರಶ್ನೆಯನ್ನು ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕೂತು ಕೇಳುವುದೇ ರೂಢಿ. ಅದನ್ನೇ ಕೆಲಮಂಗಲದಲ್ಲಿ ಕೇಳಿದರೆ ಅದರ ತೂಕ ಬೇರೆ. ಹೊಸೂರಿನಿಂದ ದಕ್ಷಿಣಕ್ಕೆ, ದೇಂಕಣಿಕೋಟೆ ತಾಲ್ಲೂಕಿನಲ್ಲಿರುವ ಊರು ಇದು. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಕೇಳಿಸುತ್ತವೆ. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಹೊಸೂರು ಸೀಮೆ ಮದ್ರಾಸಿಗೇ ಉಳಿಯಿತು. ಆಗ ಅದು ಸೇಲಂ ಜಿಲ್ಲೆಯಲ್ಲಿತ್ತು, ಆಮೇಲೆ ಧರ್ಮಪುರಿಗೆ ಸೇರಿತು, 2004ರಿಂದ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಜಿಲ್ಲೆಯ ಹೆಸರು ಬದಲಾದಾಗಲೂ ಮನೆಮಾತು ಬದಲಾಗಲಿಲ್ಲ.

ಇಲ್ಲಿನ ಎಂಟನೇ ತರಗತಿಯ ಮಕ್ಕಳಿಗೆ ವೀರರ ಬರ ಎಂದೂ ಬಂದಿಲ್ಲ. ಶಿವಕಾಶಿಯ ಮುತ್ತು ಕಾಮಿಕ್ಸ್ 1972ರಲ್ಲಿ ತಮಿಳಿಗೆ ತಂದ 'ಇರುಂಬುಕ್ಕೈ ಮಾಯಾವಿ' ಬ್ರಿಟನ್ನಿನ ಚಿತ್ರಕಥೆಯ ಉಕ್ಕಿನ ಕೈಯವನು. ತಮಿಳು ಓದುಗರು ಅವನನ್ನು ತಮ್ಮವನೆಂದೇ ಬಗೆದರು. ದೂರದರ್ಶನದಲ್ಲಿ 1997ರಿಂದ ಶಕ್ತಿಮಾನ್ ಬಂದ. ಅಮೆರಿಕದ ಸೂಪರ್‌ಮ್ಯಾನ್ (1938), ಸ್ಪೈಡರ್‌ಮ್ಯಾನ್ (1962) ಈಗ ಪ್ರತಿಯೊಂದು ಮೊಬೈಲಿನಲ್ಲೂ ಇದ್ದಾರೆ. 2021ರಲ್ಲಿ ಮಲಯಾಳಂನಿಂದ ಬಂದ 'ಮಿನ್ನಲ್ ಮುರಳಿ' ಕನ್ನಡ ಧ್ವನಿಯಲ್ಲೂ ಸಿಕ್ಕಿದ. ಹಳ್ಳಿಯ ದರ್ಜಿಯೂ ಅತಿಮಾನುಷನಾಗಬಹುದು ಎಂದು ತೋರಿಸಿದ. ಇಷ್ಟು ಜನರ ನಡುವೆ ಕನ್ನಡದ ಪುಸ್ತಕ ಏನು ಹೇಳುತ್ತದೆ?

ನನ್ನ ವಾದ ಇಷ್ಟು. ಕನ್ನಡದ ಎಳೆಯರ ಸಾಹಸ ಸಾಹಿತ್ಯಕ್ಕೆ ತನ್ನದೇ ಆದ ವೀರನ ಕಲ್ಪನೆ ಇದೆ, ಮತ್ತು ಅದು ಹೊರಗಿನಿಂದ ಬಂದ ಯಾವ ಕಲ್ಪನೆಗೂ ಕಡಿಮೆಯದಲ್ಲ. ನೆಲ, ಕಾಡು, ಪ್ರಾಣಿ, ಜೊತೆಯ ಮನುಷ್ಯರು, ಇವನ್ನೆಲ್ಲ ಬಲ್ಲವನಿಗೆ ಬರುವ ಬಲವೇ ಆ ವೀರನ ಬಲ. ಆದರೆ ಈ ಪರಂಪರೆ ಆ ಬಲವನ್ನು ದೇವರ ಕೈಯಲ್ಲಿ, ರಾಜನ ಕೈಯಲ್ಲಿ, ಬಂದೂಕು ಹಿಡಿದ ದೊಡ್ಡವರ ಕೈಯಲ್ಲಿ ಇಟ್ಟಿತು. ಹದಿಮೂರರ ಹುಡುಗ ಹುಡುಗಿಯ ಕೈಗೆ ಕೊಡಲು ಹಿಂಜರಿಯಿತು. ಅದರ ಹಿರಿಮೆಯನ್ನೂ ಕೊರತೆಯನ್ನೂ ಕೆಲಮಂಗಲದಷ್ಟು ಚೆನ್ನಾಗಿ ತೋರಿಸುವ ಜಾಗ ಇನ್ನೊಂದಿಲ್ಲ. ಈ ಪರಂಪರೆಯ ಬಹು ದೊಡ್ಡ ಕಾಡು ಇರುವುದು ಇದೇ ಊರಿನ ಬೆನ್ನಿಗೆ.

ಕಲ್ಲಿನ ವೀರರು, ಹಾಡಿನ ವೀರರು

ಕೃಷ್ಣಗಿರಿ ಜಿಲ್ಲೆ ವೀರಗಲ್ಲುಗಳ ನಾಡು. ಜಿಲ್ಲಾ ಕೇಂದ್ರದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ, ಹೊಲದ ಬದುಗಳಲ್ಲಿ, ತೋಪುಗಳಲ್ಲಿ ಅವು ನಿಂತಿವೆ. ಕೆಲವನ್ನು ಇಂದಿಗೂ ವೇಡಿಯಪ್ಪನ್ ಎಂದು ಪೂಜಿಸುತ್ತಾರೆ. ದನಗಳನ್ನು ಅಟ್ಟಿಕೊಂಡು ಹೋದವರ ಮೇಲೆ ಬಿದ್ದು ಸತ್ತವನು, ಊರಿಗೆ ನುಗ್ಗಿದ ಹುಲಿಯನ್ನು ತಡೆದು ಸತ್ತವನು, ಗಡಿಜಗಳದಲ್ಲಿ ಅಂಬು ತಗುಲಿ ಬಿದ್ದವನು: ಕಲ್ಲಿನ ಮೇಲಿರುವವರು ಇಂಥವರು. ಹೆಚ್ಚಿನವರು ರಾಜರಲ್ಲ. ಅವರನ್ನು ಕಲ್ಲಿನಲ್ಲಿ ಉಳಿಸಿದ್ದು ಅವರ ಗೆಲುವಿಗಿಂತ ಹೆಚ್ಚಾಗಿ ಅವರು ಯಾರಿಗಾಗಿ ಸತ್ತರು ಎಂಬ ಸಂಗತಿ.

ಇನ್ನೂ ಮುಂದೆ ಹೋದ ಕಲ್ಲು ಮಂಡ್ಯ ಜಿಲ್ಲೆಯ ಆತಕೂರಿನದು. ಹತ್ತನೇ ಶತಮಾನದ ನಡುವಿನ ಆ ಶಾಸನ ತಕ್ಕೋಲದ ಮಹಾಯುದ್ಧದ ಮಾತಾಡುತ್ತಲೇ ಕಾಳಿ ಎಂಬ ಬೇಟೆನಾಯಿಯ ಸಾವನ್ನೂ ದಾಖಲಿಸುತ್ತದೆ. ಕಾಳಿ ಕಾಡುಹಂದಿಯೊಂದಿಗೆ ಕಾದಾಡಿತು, ಎರಡೂ ಸತ್ತವು, ನಾಯಿಗೆ ಕಲ್ಲು ನಿಂತಿತು. ಸಾಮ್ರಾಟರ ಕದನ ಮತ್ತು ಒಂದು ನಾಯಿಯ ಧೈರ್ಯ ಒಂದೇ ಕಲ್ಲಿನ ಮೇಲೆ ಜಾಗ ಪಡೆದ ಭಾಷೆ ನಮ್ಮದು. ಎಳೆಯರಿಗೆ ಬರೆಯುವವರು ಇದಕ್ಕಿಂತ ದೊಡ್ಡ ಪಿತ್ರಾರ್ಜಿತವನ್ನು ಎಲ್ಲಿ ಹುಡುಕಬೇಕು?

ಹಾಡಿನ ಪರಂಪರೆಯ ವೀರ ಮಲೆಯ ಮಾದಪ್ಪ. ಈ ಸೀಮೆಯ ಒಕ್ಕಲುಗಳು ಹರಕೆ ಹೊತ್ತು ಹೋಗುವ ಬೆಟ್ಟ ಅವನದು. ಎಪ್ಪತ್ತೇಳು ಮಲೆಯ ಒಡೆಯ, ಹುಲಿಯೇ ಅವನ ವಾಹನ, ದೇವತೆಗಳನ್ನೇ ಸೆರೆಗೆ ಹಾಕಿದ ಶ್ರವಣಾಸುರ ಅವನ ಎದುರಾಳಿ. ಇಂದಿನ ಮಾತಿನಲ್ಲಿ ಸೂಪರ್‌ಹೀರೋಗೆ ಬೇಕಾದ ಎಲ್ಲ ಲಕ್ಷಣವೂ ಇದೆ: ವಿಚಿತ್ರ ಹುಟ್ಟು, ಅಲೆದಾಟ, ವಾಹನ, ಅಜೇಯ ವೈರಿ. ಆದರೆ ಕಂಸಾಳೆಯವರು ಹಾಡುವ ಮಾದಪ್ಪ ಶ್ರವಣನನ್ನು ಬರೀ ತೋಳ್ಬಲದಿಂದ ಗೆಲ್ಲುವುದಿಲ್ಲ. ವೈರಿಯ ಗರ್ವವನ್ನೇ ಅರಿತು ಯುಕ್ತಿಯಿಂದ ಕೆಡವುತ್ತಾನೆ. ಆ ಕೆಲಸಕ್ಕೆ ಅವನಿಗೆ ಕುಶಲಕರ್ಮಿಯ ಕೈಯೂ ಬೇಕಾಗುತ್ತದೆ. ಆ ಬೆಟ್ಟವಿರುವ ಕೊಳ್ಳೇಗಾಲ ಸೀಮೆ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಡಳಿತ ಗೆರೆ ಎಲ್ಲಿ ಎಳೆದರೂ ಮಾದಪ್ಪನ ಕಥೆ ಗೆರೆಯ ಎರಡೂ ಕಡೆ ಓಡಾಡುತ್ತಲೇ ಇತ್ತು.

ಈ ಎರಡು ಪರಂಪರೆಗಳಿಂದ ಒಂದು ನಿಯಮ ಸಿದ್ಧವಾಗುತ್ತದೆ. ಬಲಕ್ಕೆ ಬೆಲೆ ಉಂಟು, ಆ ಬೆಲೆಯನ್ನು ವೀರನೇ ತೆರಬೇಕು, ಊರು ಅದನ್ನು ನೆನಪಿಡಬೇಕು. ಮುದ್ರಣದ ಯುಗ ಬಂದಾಗ ಈ ನಿಯಮ ಉಳಿಯಿತೇ?

ಪತ್ರಿಕೆಗಳ ಕಾಲ

ಕೆಲಮಂಗಲದಂಥ ಊರಿಗೆ ಹೇಳಿ ಮಾಡಿಸಿದ ಪತ್ರಿಕೆ 'ಚಂದಮಾಮ'. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈಯಲ್ಲಿ ಮದ್ರಾಸಿನಿಂದ ಅದನ್ನು ತೆಲುಗು ಮತ್ತು ತಮಿಳಿನಲ್ಲಿ ಆರಂಭಿಸಿದರು. ಹೆಚ್ಚು ಕಾಲ ಕಳೆಯುವ ಮೊದಲೇ ಅದು ಕನ್ನಡಕ್ಕೂ ಬಂತು. ಒಂದೇ ತಿಂಗಳು, ಒಂದೇ ಚಿತ್ರ, ಒಂದೇ ಕಥೆ. ಪಕ್ಕದ ಮನೆಯ ತೆಲುಗು ಹುಡುಗನಿಗೂ ಎದುರು ಮನೆಯ ತಮಿಳು ಹುಡುಗಿಗೂ ತನ್ನ ತನ್ನ ಲಿಪಿಯಲ್ಲಿ. ಗಡಿಯ ಮಕ್ಕಳಿಗೆ ಅಷ್ಟು ಸಹಜವಾದ ಸಾಹಿತ್ಯಕ ಸಮಾನತೆ ಬೇರೆ ಯಾವ ಪತ್ರಿಕೆಯಿಂದಲೂ ಸಿಕ್ಕಿಲ್ಲ. ದಾಸರಿ ಸುಬ್ರಹ್ಮಣ್ಯಂ ಅವರ ಧಾರಾವಾಹಿಗಳಲ್ಲಿ ಮಾಂತ್ರಿಕರು, ಪಾತಾಳದ ಕೋಟೆಗಳು, ಬೆಂಕಿಯ ದ್ವೀಪಗಳು ಬಂದವು. ಚಿತ್ರಾ, ಶಂಕರ್, ವಪಾ ಅವರ ಚಿತ್ರಗಳು ಓದಲು ಬಾರದ ತಮ್ಮಂದಿರನ್ನೂ ಕಥೆಯೊಳಗೆ ಎಳೆದವು. ಮುಂದಿನ ಸಂಚಿಕೆಗೆ ಒಂದು ತಿಂಗಳು ಕಾಯುವ ತಾಳ್ಮೆಯನ್ನು ಅವು ಕಲಿಸಿದವು.

ಆದರೂ ಚಂದಮಾಮದ ಸಾಹಸ ನಡೆಯುವುದು ಎಲ್ಲಿಯೂ ಇಲ್ಲದ ಊರಿನಲ್ಲಿ. 'ಒಂದಾನೊಂದು ಕಾಲದಲ್ಲಿ' ಎಂಬ ಮಾತು ಮೂರು ಭಾಷೆಗೂ ಹೊಂದಬೇಕಾದ್ದರಿಂದ ಊರಿಗೆ ವಿಳಾಸ ಇರಬಾರದಿತ್ತು. ನಾಯಕ ರಾಜಕುಮಾರ ಅಥವಾ ರಾಜ್ಯ ಪಡೆಯಲಿರುವ ಯುವಕ. ಕಥೆಯ ಕೊನೆಗೆ ಸಿಂಹಾಸನ ಮತ್ತು ಮದುವೆ. ಓದುವ ಹುಡುಗ ಅಲ್ಲಿ ಬೆರಗಾಗಬಹುದು, ತನ್ನನ್ನು ಕಾಣುವುದು ಕಷ್ಟ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಕಟ್ಟಲು ತೊಡಗಿದ 'ಅಮರ ಚಿತ್ರ ಕಥೆ' ಪುರಾಣ ಮತ್ತು ಇತಿಹಾಸದ ವೀರರಿಗೆ ಮುಖ ಕೊಟ್ಟಿತು. ಅಭಿಮನ್ಯು, ಭೀಮ, ಹನುಮಂತರು ಹರಿಕಥೆಯಿಂದ ಪುಟಕ್ಕೆ ಇಳಿದರು. ಅಲ್ಲಿಯೂ ವೀರತ್ವ ಮುಗಿದುಹೋದ ಕಾಲಕ್ಕೆ ಸೇರಿದ್ದು.

ಆ ಹೊತ್ತಿನಲ್ಲೇ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಇಂದ್ರಜಾಲ್ ಕಾಮಿಕ್ಸ್ ಮೂಲಕ ಭಾರತೀಯ ಭಾಷೆಗಳಿಗೆ ಬಂದ. ಅವನ ಮುಖವಾಡ, ಗುಹೆ, ತೋಳ ಎಲ್ಲವೂ ಎಳೆಯರನ್ನು ಸೆಳೆದವು. ಆದರೆ ಅವನ ಕಥೆಯ ಒಳಗಿನ ಏರ್ಪಾಟನ್ನು ಗಮನಿಸಬೇಕು: ಕಾಡು ಅಲ್ಲಿನ ಜನರದು, ಕಾಯುವವನು ಹೊರಗಿನಿಂದ ಬಂದ ವಂಶದವನು, ಸ್ಥಳೀಯರು ಡೋಲು ಬಡಿದು ಅವನನ್ನು ಕರೆಯಬೇಕು. ಈ ಏರ್ಪಾಟು ಕನ್ನಡದ ಸಾಹಸ ಕಥೆಗಳನ್ನೂ ಬೇರೆ ರೂಪದಲ್ಲಿ ಹಿಡಿದುಕೊಂಡಿದೆ. ಅದನ್ನು ಮುಂದೆ ನೋಡೋಣ.

ಕನ್ನಡದ ಮಕ್ಕಳು ಅಕ್ಕರೆಯಿಂದ ನೆನೆಯುವ ಸೂಪರ್‌ಹೀರೋ ಒಬ್ಬನಿದ್ದರೆ ಅವನು 'ಬಾಲಮಂಗಳ'ದ ಡಿಂಗ. 1983ರಲ್ಲಿ ಮಲಯಾಳಂನಲ್ಲಿ ಎನ್. ಸೋಮಶೇಖರನ್ ಕಥೆ ಬರೆದು, ಬೇಬಿ ಚಿತ್ರ ಬರೆದು ಹುಟ್ಟಿಸಿದ ಡಿಂಕನ್ ಎಂಬ ಇಲಿ ಕನ್ನಡದಲ್ಲಿ ಡಿಂಗನಾದ. ಅನ್ಯಗ್ರಹದವರ ಪ್ರಯೋಗಕ್ಕೆ ಸಿಕ್ಕಿ ಬಲ ಪಡೆದ ಈ ಪುಟ್ಟ ಪ್ರಾಣಿ ಕಾಡಿನ ದುರ್ಬಲರ ಮೊರೆ ಕೇಳಿ ಹಾರಿ ಬರುತ್ತದೆ. ಅತಿ ಸಣ್ಣವನ ಕೈಯಲ್ಲಿ ಅತಿ ದೊಡ್ಡ ಬಲ ಇಟ್ಟದ್ದೇ ಅದರ ಸೊಗಸು. ಎಂಟು ವರ್ಷದ ಮಗುವಿಗೆ ಅದು ಸಾಕು. ಹದಿಮೂರಕ್ಕೆ ಸಾಲದು, ಏಕೆಂದರೆ ಡಿಂಗನಿಗೆ ಸಂದೇಹವಿಲ್ಲ, ನಾಚಿಕೆಯಿಲ್ಲ, ತಪ್ಪು ಮಾಡಿದ ರಾತ್ರಿಯಿಲ್ಲ. ಸ್ಪೈಡರ್‌ಮ್ಯಾನ್ ಅರವತ್ತು ವರ್ಷ ಬಾಳಿದ್ದು ಅವನು ಗೋಡೆ ಹತ್ತುವುದರಿಂದ ಮಾತ್ರವಲ್ಲ. ಅವನು ಶಾಲೆಗೆ ಹೋಗುವ ಹುಡುಗ, ತನ್ನ ಅಲಕ್ಷ್ಯದಿಂದ ಮನೆಯ ಹಿರಿಯನನ್ನು ಕಳೆದುಕೊಂಡವನು. ಆ ವಯಸ್ಸಿನ ಓದುಗರಿಗೆ ಬೇಕಾದ್ದು ಬಲದ ಜೊತೆಗೆ ಬರುವ ಆ ಭಾರ.

ಮಕ್ಕಳ ಓದಿಗೂ ಹಿರಿಯರ ಓದಿಗೂ ನಡುವಿನ ಖಾಲಿಯನ್ನು ತುಂಬಿದವರಲ್ಲಿ ಎನ್. ನರಸಿಂಹಯ್ಯ ಮುಖ್ಯರು. ಹೆಚ್ಚು ಶಾಲೆ ಕಾಣದ ಅವರು ಐನೂರಕ್ಕೂ ಮಿಕ್ಕಿ ಕಾದಂಬರಿ ಬರೆದರು. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯರ ಬೆನ್ನುಹತ್ತಿ ಹೋದ ಸಾವಿರಾರು ಹುಡುಗರು ಓದುವ ಚಟ ಹತ್ತಿಸಿಕೊಂಡರು. ವಿಮರ್ಶೆ ಅವರನ್ನು ದೂರ ಇಟ್ಟಿತು, ಅದು ತಪ್ಪಾಯಿತು. ಪುಟ ತಿರುಗಿಸುವಂತೆ ಮಾಡುವುದು ಒಂದು ಕಲೆ ಎಂಬುದನ್ನು ಗಂಭೀರ ಕನ್ನಡ ಸಾಹಿತ್ಯ ಒಪ್ಪಿಕೊಂಡಿದ್ದರೆ, ಎಳೆಯರಿಗೆ ಬರೆಯುವವರಿಗೆ ಆ ಕಲೆಯ ಪಾಠ ಸಿಗುತ್ತಿತ್ತು.

ಜವಳಗಿರಿಯ ಕಾಡು, ತೇಜಸ್ವಿಯ ಕನ್ನಡ

ಕನ್ನಡದಲ್ಲಿ ಹದಿಹರೆಯದವರು ಎದೆಗವಚಿಕೊಂಡು ಓದಿದ ಸಾಹಸ ಪುಸ್ತಕ ಯಾವುದು ಎಂದರೆ ನನ್ನ ಉತ್ತರ ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕಥೆಗಳು'. ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ಇಂಗ್ಲಿಷಿನಲ್ಲಿ ಬರೆದ ಬೇಟೆಯ ಅನುಭವಗಳನ್ನು ತೇಜಸ್ವಿ ನಾಲ್ಕು ಭಾಗಗಳಲ್ಲಿ ಭಾವಾನುವಾದ ಮಾಡಿದರು: 'ಬೆಳ್ಳಂದೂರಿನ ನರಭಕ್ಷಕ', 'ಪೆದ್ದಚೆರುವಿನ ರಾಕ್ಷಸ', 'ಜಾಲಹಳ್ಳಿಯ ಕುರ್ಕ', 'ಮುನಿಶಾಮಿ ಮತ್ತು ಮಾಗಡಿ ಚಿರತೆ'. ಇವನ್ನು ಮಕ್ಕಳ ಪುಸ್ತಕ ಎಂದು ಯಾರೂ ಬರೆಯಲಿಲ್ಲ, ಮಾರಲಿಲ್ಲ. ಮಕ್ಕಳೇ ತಮ್ಮದಾಗಿಸಿಕೊಂಡರು.

ಆಂಡರ್ಸನ್ ಲೋಕದ ನಡುಮನೆ ಇರುವುದು ಕೆಲಮಂಗಲದ ಸುತ್ತಲಿನ ಕಾಡುಗಳಲ್ಲಿ. 1954ರಲ್ಲಿ ಬಂದ ಅವರ ಮೊದಲ ಪುಸ್ತಕ ತೆರೆಯುವುದೇ ಜವಳಗಿರಿಯ ನರಭಕ್ಷಕ ಹುಲಿಯಿಂದ. ಅದರ ಎರಡನೇ ಅಧ್ಯಾಯ ತಳಿಯ ಹತ್ತಿರದ ಗುಮ್ಮಳಾಪುರದ ಚಿರತೆಯ ಕಥೆ. ಅದು 42 ಜನರನ್ನು ಕೊಂದಿತ್ತೆಂದು ಅವರು ಬರೆಯುತ್ತಾರೆ. 1959ರ ಪುಸ್ತಕದ ಹೆಸರಿನಲ್ಲೇ ಇರುವ ಶಿವನಿಪಲ್ಲಿಯ ಕರಿಚಿರತೆ ದೇಂಕಣಿಕೋಟೆಯ ಆಸುಪಾಸಿನದು. ಅಂಚೆಟ್ಟಿ, ಚಿನ್ನಾರ್ ಹೊಳೆ, ಕಾವೇರಿಯತ್ತ ಇಳಿಯುವ ಕಣಿವೆಗಳು, ಇವೆಲ್ಲ ಆ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆಲಮಂಗಲದ ಹುಡುಗಿ ಬಸ್ಸಿನ ಹಲಗೆಯ ಮೇಲೆ ದಿನವೂ ಓದುವ ಊರ ಹೆಸರುಗಳು ಲೋಕವೇ ಓದಿದ ಸಾಹಸಗಳ ಭೂಪಟವಾಗಿವೆ. ಇದನ್ನು ಅವಳಿಗೆ ಯಾರೂ ಹೇಳುವುದಿಲ್ಲ.

ತೇಜಸ್ವಿಯವರ ಕೈಯಲ್ಲಿ ಈ ಕಥೆಗಳು ಪಡೆದ ಗುಣಗಳನ್ನು ಬಿಡಿಸಿ ನೋಡಬೇಕು. ಮೊದಲನೆಯದು ಭಯದ ಪ್ರಾಮಾಣಿಕತೆ. ಮರದ ಮೇಲಿನ ಅಟ್ಟಣೆಯಲ್ಲಿ ರಾತ್ರಿ ಕೂತವನಿಗೆ ಮೈ ನಡುಗುತ್ತದೆ, ಕಾಲು ಜೋಮು ಹಿಡಿಯುತ್ತದೆ, ಗುರಿ ತಪ್ಪುತ್ತದೆ, ಗಾಯಗೊಂಡ ಪ್ರಾಣಿ ತಪ್ಪಿಸಿಕೊಳ್ಳುತ್ತದೆ. ಹೆದರಿಕೆ ಇದ್ದೂ ಕೂರುವುದೇ ಧೈರ್ಯ ಎಂಬುದನ್ನು ಉಪದೇಶವಿಲ್ಲದೆ ಇಷ್ಟು ಚೆನ್ನಾಗಿ ಹೇಳಿದ ಪುಸ್ತಕ ಆ ವಯಸ್ಸಿನವರಿಗೆ ಕನ್ನಡದಲ್ಲಿ ಇನ್ನೊಂದಿಲ್ಲ.

ಎರಡನೆಯದು ಕಾರಣದ ಹುಡುಕಾಟ. ಆಂಡರ್ಸನ್ ಕಥೆಗಳಲ್ಲಿ ನರಭಕ್ಷಕ ಹುಟ್ಟಾ ರಾಕ್ಷಸನಲ್ಲ. ಯಾರೋ ಹಾರಿಸಿದ ಅರೆಬರೆ ಗುಂಡು, ಪಾದಕ್ಕೆ ನಾಟಿದ ಮುಳ್ಳುಹಂದಿಯ ಮುಳ್ಳು, ಮುರಿದ ಕೋರೆ, ಮುದಿತನ: ಹೀಗೆ ಒಂದು ಕಾರಣ ಇದ್ದೇ ಇರುತ್ತದೆ, ಬಹಳ ಸಲ ಆ ಕಾರಣ ಮನುಷ್ಯನೇ. ಕಾಮಿಕ್ಸ್‌ನ ಖಳನಾಯಕನಿಗೆ ಇಲ್ಲದ ನ್ಯಾಯ ಇಲ್ಲಿ ಹುಲಿಗೆ ಸಿಗುತ್ತದೆ. ವೈರಿಯನ್ನು ಕೊಲ್ಲುವ ಮೊದಲು ವೈರಿಯ ನೋವನ್ನು ತಿಳಿಯಬೇಕೆಂಬ ಪಾಠ ಹದಿಮೂರರ ಓದುಗರಿಗೆ ಸಣ್ಣದಲ್ಲ.

ಮೂರನೆಯದು ಗಮನ. ಕೆಸರಿನ ಹೆಜ್ಜೆ, ಕೋತಿಯ ಕೂಗು, ಕಡವೆಯ ಎಚ್ಚರಿಕೆ, ತಟ್ಟನೆ ನಿಂತ ಕಪ್ಪೆಗಳ ವಟಗುಟ್ಟುವಿಕೆ, ಎಲ್ಲವೂ ಸುದ್ದಿ. ಗುಮ್ಮಳಾಪುರದ ಕಥೆಯಲ್ಲಿ ಯಾರೂ ಸಾಕದ ಊರನಾಯಿಯೊಂದು ಕತ್ತಲಲ್ಲಿ ಗುರುಗುಟ್ಟಿ ಎಚ್ಚರಿಸದಿದ್ದರೆ ಬೇಟೆಗಾರ ಉಳಿಯುತ್ತಿರಲಿಲ್ಲ. ಆತಕೂರಿನ ಕಾಳಿಯ ವಂಶದ ನಾಯಿ ಅದು. ಕನ್ನಡದ ವೀರಕಲ್ಪನೆ ಸಾವಿರ ವರ್ಷ ದಾಟಿ ಬೇಟೆಗಾರನೊಬ್ಬನ ಇಂಗ್ಲಿಷ್ ಬರಹದಲ್ಲೂ ತಲೆಯೆತ್ತಿದ ರೀತಿ ನನ್ನನ್ನು ಬೆರಗುಗೊಳಿಸುತ್ತದೆ.

ಹಿರಿಮೆಯನ್ನು ಹೇಳಿದ ಮೇಲೆ ಕೊರತೆಯನ್ನೂ ಅಷ್ಟೇ ನೇರವಾಗಿ ಹೇಳಬೇಕು. ಈ ಕಥೆಗಳ ಬಂದೂಕು ಯಾವಾಗಲೂ ಹೊರಗಿನಿಂದ ಬಂದವನ ಹೆಗಲ ಮೇಲಿದೆ. ಹೆಜ್ಜೆ ಓದುವವನು ಪೂಜಾರಿ ಬುಡಕಟ್ಟಿನ ಬೈರ, ದಾರಿ ಬಲ್ಲವನು ರಂಗ, ಸುದ್ದಿ ತರುವವನು ದನಗಾಹಿ, ಸಾಯುವವಳು ಸೌದೆಗೆ ಹೋದ ಹೆಂಗಸು. ಆಂಡರ್ಸನ್ ಬೈರನನ್ನು ಮನಸಾರೆ ಗೌರವಿಸಿದರು, ಅವನಿಂದ ಕಲಿತದ್ದನ್ನು ಒಪ್ಪಿದರು, ಮೊದಲ ಪುಸ್ತಕದಲ್ಲೇ ಅವನ ಹೆಸರಿನ ಅಧ್ಯಾಯ ಬರೆದರು. ಆ ಕಾಲದ ಬೇಟೆಯ ಬರಹದಲ್ಲಿ ಇದು ಅಪರೂಪ. ತೇಜಸ್ವಿಯವರ ನಾಲ್ಕನೇ ಭಾಗದ ಹೆಸರಿನಲ್ಲಿ ಮುನಿಶಾಮಿ ಚಿರತೆಗಿಂತ ಮುಂದೆ ನಿಂತಿದ್ದಾನೆ. ಆದರೂ ಕಥೆ ಹೇಳುವ ಅಧಿಕಾರ ಬೈರನಿಗೆ ಸಿಗುವುದಿಲ್ಲ. ಫ್ಯಾಂಟಮ್‌ನ ಕಾಡಿನ ಏರ್ಪಾಟು ಇಲ್ಲಿ ಮೃದುವಾಗಿದೆ, ಅಳಿದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಪರಂಪರೆ ಬಡವಾಗಿದೆ. ಹದಿನೆಂಟನೇ ಶತಮಾನದಲ್ಲಿ ಚಿತ್ರದುರ್ಗದ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವನನ್ನು ಕೊಂಡಾಡುವ ನಾಡು ತನ್ನ ಸಾಹಸ ಕಥೆಗಳಲ್ಲಿ ಹುಡುಗಿಗೆ ಒಂದು ಕೋಲನ್ನೂ ಕೊಟ್ಟಿಲ್ಲ.

ಕಾಲವೂ ಬದಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಯುಗವನ್ನು ಮುಗಿಸಿತು. ಆಂಡರ್ಸನ್ ಅಲೆದ ಕಾಡಿನ ದೊಡ್ಡ ಭಾಗ 2014ರಿಂದ ಕಾವೇರಿ ಉತ್ತರ ವನ್ಯಜೀವಿಧಾಮ. ಇನ್ನು ಮುಂದಿನ ವೀರ ಹುಲಿಯನ್ನು ಕೊಂದು ವೀರನಾಗಲಾರ. ಹಾಗಾದರೆ ಅವನು ಏನು ಮಾಡಬೇಕು?

ಮಂದಣ್ಣನ ಕಣ್ಣು

ಈ ಪ್ರಶ್ನೆಗೆ ತೇಜಸ್ವಿಯವರೇ 1980ರಲ್ಲಿ ಉತ್ತರ ಕೊಟ್ಟಿದ್ದರು. 'ಕರ್ವಾಲೊ' ಕಾದಂಬರಿಯ ಮಂದಣ್ಣ ನೋಡಲು ದಡ್ಡ, ಜೇನು ಹಿಡಿಯುವವನು, ಜವಾನನ ಕೆಲಸ ಸಿಕ್ಕಿದರೆ ಸಾಕು ಎನ್ನುವವನು. ಊರಿನ ಲೆಕ್ಕದಲ್ಲಿ ಅವನಿಗೆ ಬೆಲೆಯಿಲ್ಲ. ಆದರೆ ಕಾಡಿನಲ್ಲಿ ಅವನ ಕಣ್ಣಿಗೆ ಬಿದ್ದದ್ದು ಇತರರಿಗೆ ಕಾಣುವುದಿಲ್ಲ. ಲಕ್ಷಾಂತರ ವರ್ಷ ಹಿಂದಿನಿಂದ ಉಳಿದು ಬಂದ ಹಾರುವ ಓತಿಯನ್ನು ಕಂಡವನು ಅವನು. ವಿಜ್ಞಾನಿ ಕರ್ವಾಲೊ ಅವನಲ್ಲಿ ಸಹಜ ವಿಜ್ಞಾನಿಯನ್ನು ಗುರುತಿಸುತ್ತಾರೆ, ಅವನ ಜೊತೆ ಕಾಡು ಹೊಗುತ್ತಾರೆ. ಪ್ಯಾರ, ಕರಿಯಪ್ಪ, ಪ್ರಭಾಕರ, ಕಿವಿ ಎಂಬ ನಾಯಿ ಸೇರಿ ಒಂದು ತಂಡವೇ ಆಗುತ್ತದೆ. ಹುಡುಕಿದ ಪ್ರಾಣಿ ಕೊನೆಗೆ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಸೋಲೆಂದು ಅನ್ನಿಸದ ಸೋಲು ಅದು.

ಸೂಪರ್‌ಹೀರೋ ಕಾದಂಬರಿಯ ಎಲ್ಲ ಅಂಗಗಳೂ 'ಕರ್ವಾಲೊ'ದಲ್ಲಿವೆ: ಸಾಧಾರಣ ವೇಷದ ಒಳಗೆ ಅಸಾಧಾರಣ ಬಲ, ಆ ಬಲವನ್ನು ಕಂಡುಹಿಡಿಯುವ ಗುರು, ವಿಚಿತ್ರ ಜೊತೆಗಾರರು, ಅಪಾಯದ ಪಯಣ. ಬೇರೆಯಾಗಿರುವುದು ಬಲದ ಮೂಲ. ಮಂದಣ್ಣನ ಬಲ ಅವನ ನೋಟ. ಅದು ಅಪಘಾತದಿಂದ ಬಂದದ್ದಲ್ಲ, ಹುಟ್ಟಿದಾಗಿನಿಂದ ಕಾಡಿನ ಜೊತೆ ಬಾಳಿದ್ದರಿಂದ ಬಂದದ್ದು. ಆದ್ದರಿಂದ ಅದು ಯಾವ ಓದುಗನಿಗೂ ಎಟುಕದ ವರವೂ ಅಲ್ಲ. ಅವನ ದುರ್ಬಲತೆಯೂ ನಿಜವಾದದ್ದು, ಬಡತನ ಮತ್ತು ಕಳ್ಳಭಟ್ಟಿಯ ಮೊಕದ್ದಮೆ. ಕನ್ನಡದಲ್ಲಿ ಎಳೆಯರ ಸಾಹಸ ಕಾದಂಬರಿ ಬರೆಯುವವರಿಗೆ ಮಾದರಿ ಬೇಕಿದ್ದರೆ ನ್ಯೂಯಾರ್ಕಿನವರೆಗೆ ಹೋಗಬೇಕಿಲ್ಲ. ಆದರೆ 'ಕರ್ವಾಲೊ' ಕೂಡ ಹಿರಿಯರು ಹೇಳುವ ಕಥೆ. ಮಂದಣ್ಣನೇ 'ನಾನು' ಎಂದು ಕಥೆ ಹೇಳುವ ಪುಸ್ತಕ ಇನ್ನೂ ಬಂದಿಲ್ಲ.

ಇಂದಿನ ಮಕ್ಕಳ ಕಾದಂಬರಿ

ಈಚಿನ ವರ್ಷಗಳಲ್ಲಿ ಕನ್ನಡದ ಮಕ್ಕಳ ಕಾದಂಬರಿ ನಿಶ್ಚಿತವಾಗಿ ಬೆಳೆದಿದೆ. ಸಾಹಿತ್ಯ ಅಕಾದೆಮಿಯ ಬಾಲಸಾಹಿತ್ಯ ಪುರಸ್ಕಾರದ ಪಟ್ಟಿಯೇ ಅದಕ್ಕೆ ಸಾಕ್ಷಿ. ಶರಾವತಿಯ ಮುಳುಗಡೆಯನ್ನು ಬದುಕಿಡೀ ಬರೆದ ನಾ. ಡಿಸೋಜ ಅದೇ ನೋವನ್ನು ಎಳೆಯರಿಗೂ ತಂದ 'ಮುಳುಗಡೆಯ ಊರಿಗೆ ಬಂದವರು' 2011ರಲ್ಲಿ, ಬಸು ಬೇವಿನಗಿಡದ ಅವರ 'ಓಡಿಹೋದ ಹುಡುಗ' 2021ರಲ್ಲಿ, ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' 2022ರಲ್ಲಿ, ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' 2023ರಲ್ಲಿ ಪುರಸ್ಕಾರ ಪಡೆದವು. ಸಾಗರ, ಉತ್ತರ ಕನ್ನಡ, ಕುಂದಾಪುರದ ಕಡೆಯ ನೆಲಗಳು, ಅಲ್ಲಿನ ಮರ, ಹಕ್ಕಿ, ಮಾತು ಪುಸ್ತಕಕ್ಕೆ ಬಂದವು. ರಾಜಕುಮಾರನ ಜಾಗದಲ್ಲಿ ನಿಜವಾದ ಮಕ್ಕಳು ಬಂದರು. ಚಂದಮಾಮಕ್ಕೆ ಸಾಧ್ಯವಾಗದಿದ್ದ ವಿಳಾಸ ಕಥೆಗೆ ಸಿಕ್ಕಿತು.

ಈ ಗೆಲುವಿಗೆ ತಕ್ಕ ಒಂದು ನಷ್ಟವೂ ಇದೆ. ವಿಳಾಸ ಸಿಕ್ಕ ಕಥೆಯಲ್ಲಿ ಬೆರಗು ಮೆತ್ತಗಾಯಿತು. ನಿಜದ ಊರಿನಲ್ಲಿ ನಿಜದ ಅಪಾಯವನ್ನು ಮಕ್ಕಳ ಕೈಗೆ ಕೊಡಲು ನಮ್ಮ ಲೇಖಕರು ಅಳುಕುತ್ತಾರೆ. ಬಿಕ್ಕಟ್ಟು ಏರುತ್ತಿದ್ದಂತೆ ಮೇಷ್ಟ್ರೋ ಅಜ್ಜನೋ ಬಂದು ಬಿಡಿಸುತ್ತಾರೆ. ಪರಿಸರ, ಸ್ವಚ್ಛತೆ, ಸೌಹಾರ್ದದ ಮಾತು ಪಾತ್ರಗಳ ಬಾಯಿಗೆ ಬರುತ್ತದೆ. ಮಕ್ಕಳನ್ನು ಕಾಪಾಡಬೇಕೆಂಬ ಪ್ರೀತಿಯಿಂದಲೇ ಇದು ನಡೆಯುತ್ತಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಹದಿಮೂರರ ಓದುಗ ಕಾಪಾಡಿಸಿಕೊಳ್ಳಲು ಪುಸ್ತಕ ತೆರೆಯುವುದಿಲ್ಲ. ಯಾರನ್ನಾದರೂ ಕಾಪಾಡಲು ತೆರೆಯುತ್ತಾನೆ. ಕೆನೆತ್ ಆಂಡರ್ಸನ್ ಓದುವಾಗ ಅವನು ಅಟ್ಟಣೆಯ ಮೇಲೆ ಒಬ್ಬನೇ ಕೂರುತ್ತಾನೆ. ಆ ಒಂಟಿತನದ ಹೊಣೆಯನ್ನು ನಮ್ಮ ಮಕ್ಕಳ ಕಾದಂಬರಿ ಕೊಡಬೇಕು.

ಕೆಲಮಂಗಲ ಕೇಳುವ ಪುಸ್ತಕ

ಹಾಗೆ ಕೊಡುವ ಪುಸ್ತಕ ಹೇಗಿರಬೇಕೆಂದು ಅಳೆಯಲು ಕೆಲಮಂಗಲ ಒಳ್ಳೆಯ ಅಳತೆಗೋಲು. ರಾಗಿ ಕೊಯ್ಲಿನ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆಗಳ ಹಿಂಡುಗಳು ತಳಿ, ಜವಳಗಿರಿ ದಾಟಿ ದೇಂಕಣಿಕೋಟೆಯ ಕಾಡಿಗೆ, ಅಲ್ಲಿಂದ ಸಾನಮಾವಿನ ಕಾಡಿಗೆ ಬರುತ್ತವೆ. ಹೊಲ ಕಾಯುವವರಿಗೆ ಅದು ನಿದ್ದೆಯಿಲ್ಲದ ಕಾಲ. ಆನೆ ಶತ್ರುವಲ್ಲ, ಬೆಳೆ ಕಳೆದುಕೊಂಡ ರೈತನೂ ಶತ್ರುವಲ್ಲ. ಈ ಇಬ್ಬರ ನಡುವೆ ಒಂದು ರಾತ್ರಿ ನಿಲ್ಲಬೇಕಾದ ಹುಡುಗಿಗೆ ಬೇಕಾದ ಬಲ ಎಂಥದು? ಗುಲಾಬಿ ತೋಟಗಳ ಪಕ್ಕದಲ್ಲೇ ಮೊಬೈಲ್ ಬಿಡಿಭಾಗಗಳ ದೊಡ್ಡ ಕಾರ್ಖಾನೆ ಎದ್ದಿದೆ, ದೂರದ ಊರುಗಳಿಂದ ಯುವತಿಯರು ಕೆಲಸಕ್ಕೆ ಬರುತ್ತಿದ್ದಾರೆ. 1799ರ ಮಾರ್ಚಿನಲ್ಲಿ ಬ್ರಿಟಿಷ್ ಜನರಲ್ ಹ್ಯಾರಿಸ್‌ನ ಸೈನ್ಯ ಶ್ರೀರಂಗಪಟ್ಟಣಕ್ಕೆ ಹೋದದ್ದು ಇದೇ ಕೆಲಮಂಗಲದ ಮೇಲೆ. ಕಲ್ಲಿನ ವೀರ, ಹುಲಿಯ ಕಾಡು, ಸೈನ್ಯದ ದಾರಿ, ಕಾರ್ಖಾನೆಯ ಬೆಳಕು ಎಲ್ಲ ಒಂದೇ ಹೋಬಳಿಯಷ್ಟು ಜಾಗದಲ್ಲಿ ಸಿಗುವಾಗ ಸಾಹಸ ಕಾದಂಬರಿಗೆ ಕಲ್ಪಿತ ನಗರ ಏಕೆ?

ಇಲ್ಲಿನ ಮಕ್ಕಳಿಗೆ ಇನ್ನೊಂದು ಬಲ ಇದೆ, ಅದನ್ನು ಯಾವ ಪುಸ್ತಕವೂ ಬಲವೆಂದು ಕರೆದಿಲ್ಲ. ಅಂಗಡಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ, ಗೆಳೆಯನ ಜೊತೆ ತೆಲುಗು, ಸಂತೆಯಲ್ಲಿ ಉರ್ದು. ಒಂದು ನಿಮಿಷದಲ್ಲಿ ನಾಲ್ಕು ಲೋಕ ದಾಟುತ್ತಾರೆ. ಪತ್ತೇದಾರನಿಗೂ ಬೇಹುಗಾರನಿಗೂ ಸಂಧಾನಕಾರನಿಗೂ ಇದಕ್ಕಿಂತ ದೊಡ್ಡ ಸಿದ್ಧಿ ಯಾವುದು? ಆದರೆ ನಮ್ಮ ಮಕ್ಕಳ ಸಾಹಿತ್ಯದ ಕನ್ನಡ ಒಂದೇ ಎರಕದ ಪಠ್ಯಪುಸ್ತಕದ ಕನ್ನಡ. ಹೊಸೂರು ಸೀಮೆಯ ಕನ್ನಡ ಅದರ ತೆಲುಗು ಎಳೆ, ತಮಿಳು ಎಳೆಗಳ ಸಮೇತ ಮಕ್ಕಳ ಪುಸ್ತಕದಲ್ಲಿ ಕಾಣಿಸಿಕೊಂಡರೆ ಅಲ್ಲಿನ ಓದುಗನಿಗೆ ತನ್ನ ಬಾಯಿ ತಪ್ಪಲ್ಲ ಎಂದು ಮೊದಲ ಸಲ ಅನ್ನಿಸುತ್ತದೆ.

ಇದು ಬರೀ ಸಾಹಿತ್ಯದ ಮಾತೂ ಅಲ್ಲ. ತಮಿಳುನಾಡಿನಲ್ಲಿ 2006ರ ಕಾಯ್ದೆಯ ನಂತರ ಒಂದನೇ ತರಗತಿಯಿಂದ ತಮಿಳು ಕಡ್ಡಾಯವಾಯಿತು. ರಾಜ್ಯದ ಭಾಷೆ ಕಲಿಯುವುದು ಮಕ್ಕಳಿಗೆ ಒಳ್ಳೆಯದೇ, ಅದರಲ್ಲಿ ದೂರಲು ಏನಿಲ್ಲ. ಆದರೆ ಶಾಲೆಯ ದಿನದಲ್ಲಿ ಕನ್ನಡಕ್ಕೆ ಉಳಿಯುವ ಹೊತ್ತು ಕಡಿಮೆಯಾದಷ್ಟೂ ಶಾಲೆಯ ಹೊರಗೆ ಕನ್ನಡ ಓದಿಸುವ ಹೊಣೆ ಪುಸ್ತಕದ ಮೇಲೆ ಬೀಳುತ್ತದೆ. ಪರೀಕ್ಷೆಗಾಗಿ ಓದುವ ಭಾಷೆ ಹತ್ತನೇ ತರಗತಿಗೆ ಮುಗಿಯಬಹುದು. ಮುಂದೇನಾಯಿತು ಎಂದು ತಿಳಿಯದೆ ನಿದ್ದೆ ಬಾರದಂತೆ ಮಾಡಿದ ಭಾಷೆ ಹಾಗೆ ಮುಗಿಯುವುದಿಲ್ಲ. ನರಸಿಂಹಯ್ಯನವರ ಓದುಗರೂ ತೇಜಸ್ವಿಯವರ ಓದುಗರೂ ಅದಕ್ಕೆ ಸಾಕ್ಷಿ.

ಆದ್ದರಿಂದ ನಾನು ಕೇಳುವುದು ಇಷ್ಟು. ಬರೆಯುವವರು ವೀರಗಲ್ಲಿನಿಂದ ಬಲದ ಬೆಲೆಯನ್ನು, ಚಂದಮಾಮದಿಂದ ಬೆರಗನ್ನು, ನರಸಿಂಹಯ್ಯನವರಿಂದ ಓಟವನ್ನು, 'ಕಾಡಿನ ಕಥೆ'ಗಳಿಂದ ಭಯದ ನಿಜವನ್ನು, ಮಂದಣ್ಣನಿಂದ ನೋಟವನ್ನು ತೆಗೆದುಕೊಳ್ಳಲಿ. ಬಂದೂಕನ್ನು ಕೆಳಗಿಟ್ಟು ಕಥೆ ಹೇಳುವ ಅಧಿಕಾರವನ್ನು ಬೈರನ ಮೊಮ್ಮಗಳಿಗೆ ಕೊಡಲಿ. ಅವಳು ಹಾರುತ್ತಾಳೋ ಇಲ್ಲವೋ ಲೇಖಕರಿಗೆ ಬಿಟ್ಟದ್ದು. ಅವಳು ತಪ್ಪಬೇಕು, ಹೆದರಬೇಕು, ಹಿರಿಯರು ಬರುವ ಮೊದಲೇ ತೀರ್ಮಾನ ಮಾಡಬೇಕು. ಪ್ರಕಾಶಕರು ಅದನ್ನು 'ಮಕ್ಕಳ ನೀತಿಕಥೆ' ಎಂಬ ಹಣೆಪಟ್ಟಿಯಿಲ್ಲದೆ ಅಚ್ಚು ಹಾಕಲಿ. ಗಡಿಯಾಚೆಯ ಕನ್ನಡಕ್ಕೆ ದುಡಿಯುವ ಸರ್ಕಾರ ಮತ್ತು ಸಂಸ್ಥೆಗಳು ಸನ್ಮಾನ ಸಮಾರಂಭಕ್ಕೆ ಮೊದಲು ಹೊಸೂರು, ತಳಿ, ದೇಂಕಣಿಕೋಟೆ, ಕೆಲಮಂಗಲದ ಕನ್ನಡ ಶಾಲೆಗಳ ಕಪಾಟಿಗೆ ಇಂಥ ಪುಸ್ತಕಗಳನ್ನು ತಲುಪಿಸಲಿ. 'ಕಾಡಿನ ಕಥೆಗಳ' ನಾಲ್ಕು ಭಾಗಗಳಿಂದಲೇ ಈ ಕೆಲಸ ಶುರುವಾಗಬಹುದು. ಆ ಕಾಡು ಅಲ್ಲಿನ ಮಕ್ಕಳದು. ಅದರ ಕಥೆ ಅವರ ಕೈಗೆ ಕನ್ನಡದಲ್ಲೇ ಸೇರಬೇಕು.